ಪುನರುಕ್ತಿಯೂ ಹೆಣ್ಣುಮಕ್ಕಳ ಗಣಿತವಿದ್ಯೆಯೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ನಾಲ್ಕು ಮಾತು ಬರೆಯತಕ್ಕದ್ದೆಂಬುದು ನಮ್ಮ ಪಾಠಶಾಲೆಯ ವಾಡಿಕೆ. ಪರೀಕ್ಷೆಯ ಫಲಿತಾಂಶ, ಆಟಗಳಲ್ಲಿ ಬಂದ ಬಹುಮಾನಗಳು, ಹೊಸ ಕೊಠಡಿಗಳು, ಇವೆಲ್ಲವೂ ಇತರ ಪುಟಗಳಲ್ಲಿ ವಿವರವಾಗಿ ಹೇಳಲ್ಪಟ್ಟಿರುವುದರಿಂದ ಅವನ್ನೇ ನಾವು ಇಲ್ಲಿ ಮತ್ತೊಮ್ಮೆ ಹೇಳಿದರೆ ಪುನರುಕ್ತಿದೋಷವು ಬರುವುದು. ಆದಕಾರಣ ಈ ಸಾರಿ ಆ ಪುನರುಕ್ತಿಯನ್ನು ಕುರಿತೇ ಬರೆಯಲು ಮನಸ್ಸು ಮಾಡಿದ್ದೇವೆ. ವಿಷಯವು ಬೀಜಗಣಿತದ್ದು. ಲೆಕ್ಕವೆಂದ ಕೂಡಲೆ ಪುಟವನ್ನು ಮಗುಚಿಬಿಡಬಾರದಾಗಿ ಪೋಷಕರನ್ನೂ, ನಮ್ಮ ಹಳೆಯ ವಿದ್ಯಾರ್ಥಿನಿಯರನ್ನೂ ಬೇಡಿಕೊಳ್ಳುತ್ತೇವೆ. ಇದರಲ್ಲಿ ಹೂ ಕಟ್ಟಲು ಬಲ್ಲವರಿಗೆ ತಿಳಿಯದ ಮಾತು ಒಂದೂ ಇಲ್ಲ.

ಕಳೆದ ವರ್ಷ ಒಂಬತ್ತನೆಯ ತರಗತಿಯ ಉಪಾಧ್ಯಾಯಿನಿಯೊಬ್ಬರು ರಜೆಯಲ್ಲಿದ್ದಾಗ ನಾವೇ ಆ ತರಗತಿಗೆ ಹೋಗಿ, ಮಕ್ಕಳ ಮುಂದೆ ಒಂದು ಪ್ರಶ್ನೆಯನ್ನು ಇಟ್ಟೆವು. ಕನ್ನಡ ವ್ಯಾಕರಣದಲ್ಲಿ ದ್ವಿರುಕ್ತಿಯೆಂಬುದನ್ನು ಅವರೆಲ್ಲರೂ ಕಲಿತಿದ್ದಾರೆ. ‘ಬೇಗಬೇಗ’, ‘ದೂರದೂರ’ ಎಂಬಂತೆ ಒಂದೇ ಮಾತು ಒಡನೆಯೇ ಎರಡು ಸಾರಿ ಬರುವುದು. ಈಗ ಮಲ್ಲಿಗೆ, ಕನಕಾಂಬರ ಎಂಬ ಎರಡೇ ಬಗೆಯ ಹೂಗಳಿಂದ ಒಂದು ಮಾಲೆಯನ್ನು ಕಟ್ಟಬೇಕು. ಆ ಮಾಲೆಯ ಯಾವ ಭಾಗದಲ್ಲಿಯೂ ದ್ವಿರುಕ್ತಿಯು ಇರಕೂಡದು. ಅಂದರೆ, ಒಂದು ಹೂವಾಗಲಿ, ಎರಡು ಹೂಗಳ ತುಂಡಾಗಲಿ, ಹತ್ತು ಹೂಗಳ ತುಂಡಾಗಲಿ, ಅದೇ ಕ್ರಮದಲ್ಲಿ ಪಕ್ಕದಲ್ಲಿಯೇ ಮತ್ತೆ ಬರಬಾರದು. ಇಂಥ ಮಾಲೆ ಎಷ್ಟು ಉದ್ದವಾಗಬಲ್ಲುದು?

ಮಲ್ಲಿಗೆಯನ್ನು ಮ ಎಂತಲೂ, ಕನಕಾಂಬರವನ್ನು ಕ ಎಂತಲೂ ಬರೆಯೋಣ. ಮ ಆದ ಮೇಲೆ ಮ ಬರಬಾರದು, ಆದುದರಿಂದ ಕ. ಅದರ ಮೇಲೆ ಮ. ಈಗ ‘ಮಕಮ’ ಎಂದಾಯಿತು. ಇನ್ನೊಂದು ಮ ಇಟ್ಟರೆ ‘ಮಮ’. ಕ ಇಟ್ಟರೆ ‘ಮಕಮಕ’. ಎರಡೂ ನಿಷಿದ್ಧ. ಮೂರು ಹೂಗಳಿಗೆ ಮಾಲೆ ಮುಗಿಯಿತು! ಮಕ್ಕಳು ನಕ್ಕರು. ಹಾಗಾದರೆ ಸೇವಂತಿಗೆಯನ್ನೂ ಸೇರಿಸಿಕೊಳ್ಳಿರಿ ಎಂದೆವು. ಒಬ್ಬ ಹುಡುಗಿಯು ಬೇಗನೆ ಎದ್ದು ಬಂದು ಕಪ್ಪು ಹಲಗೆಯ ಮೇಲೆ ‘ಮಕಮಸಮಕಮ’ ಎಂದು ಬರೆದು ನಿಂತುಬಿಟ್ಟಳು. ಎಂಟನೆಯ ಹೂ ಮಲ್ಲಿಗೆಯಾದರೆ ‘ಮಮ’, ಕನಕಾಂಬರವಾದರೆ ‘ಮಕಮಕ’, ಸೇವಂತಿಗೆಯಾದರೆ ‘ಮಕಮಸ ಮಕಮಸ’. “ಟೀಚರ್, ಮೂರು ಹೂವಿದ್ದರೂ ಏಳಕ್ಕೇ ಮುಗಿಯಿತು” ಎಂದಳು. ತರಗತಿಯೆಲ್ಲವೂ ಹಾಗೆಯೇ ನಂಬಿತು.

ಆದರೆ ಸತ್ಯವು ಹಾಗಿಲ್ಲ. ಮೂರು ಬಗೆಯ ಹೂಗಳಿದ್ದರೆ ದ್ವಿರುಕ್ತಿಯಿಲ್ಲದ ಮಾಲೆಯನ್ನು ಕೊನೆಯೇ ಇಲ್ಲದಂತೆ ಕಟ್ಟುತ್ತ ಹೋಗಬಹುದು. ಇದನ್ನು ಮೊದಲು ಸಾಧಿಸಿ ತೋರಿಸಿದವರು ನಾರ್ವೆ ದೇಶದ ಆಕ್ಸೆಲ್ ಟೂಯೆ ಎಂಬ ಗಣಿತಜ್ಞರು, ವರ್ಷ 1906. ಆ ಹುಡುಗಿಯು ಸಿಕ್ಕಿಬಿದ್ದದ್ದು ಹೂಗಳು ಸಾಲದೆ ಅಲ್ಲ, ಹಿಡಿದ ಹಾದಿಯು ಮುಚ್ಚಿದ್ದರಿಂದ. ಒಂದು ಹೆಜ್ಜೆ ಹಿಂದಕ್ಕೆ ಬಂದು ಬೇರೆ ಹಾದಿಯನ್ನು ಹಿಡಿಯಬೇಕಾಗಿತ್ತು. ಸಿಕ್ಕಿಬಿದ್ದ ಸ್ಥಳವನ್ನೇ ಲೋಕದ ಎಲ್ಲೆಯೆಂದು ತಿಳಿಯುವುದು ಮಕ್ಕಳಿಗೆ ಮಾತ್ರವೇ ಇರುವ ಅಭ್ಯಾಸವಲ್ಲ.

ಟೂಯೆಯವರು 1912ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ ಒಂದು ಸೊಗಸಾದ ಉಪಾಯವಿದೆ. ಅದನ್ನು ನಮ್ಮ ಛಂದಸ್ಸಿನ ಲಘು ಗುರುಗಳಿಂದ ಹೇಳೋಣ. ಒಂದು ಲಘುವಿನಿಂದ ಆರಂಭಿಸಿ, ಪ್ರತಿಯೊಂದು ಲ ಇದ್ದಲ್ಲಿ ‘ಲಗ’ ಎಂತಲೂ, ಪ್ರತಿಯೊಂದು ಗ ಇದ್ದಲ್ಲಿ ‘ಗಲ’ ಎಂತಲೂ ಬರೆಯುತ್ತ ಹೋಗಬೇಕು. ಆಗ ಲ; ಲಗ; ಲಗಗಲ; ಲಗಗಲಗಲಲಗ; ಹೀಗೆ ಪ್ರತಿ ಸಾರಿಯೂ ಉದ್ದವು ಇಮ್ಮಡಿಯಾಗುವುದು. ಇದರಲ್ಲಿ ದ್ವಿರುಕ್ತಿಗಳು ಉಂಟು. ಆದರೆ ಒಂದೇ ತುಂಡು ಮೂರು ಸಾರಿ ಒಟ್ಟಿಗೆ ಬರುವುದು ಎಂದಿಗೂ ಇಲ್ಲ. ಅಷ್ಟು ಮಾತ್ರವಲ್ಲ, ಎರಡು ಸಾರಿ ಬಂದ ತುಂಡಿನ ಬೆನ್ನಿಗೆ ಅದರ ಮೊದಲ ಅಕ್ಷರವು ಮತ್ತೆ ಬರುವುದೂ ಇಲ್ಲ. ಈಗ ಹದಿನಾರು ಅಕ್ಷರಗಳ ಸಾಲನ್ನು ತೆಗೆದುಕೊಳ್ಳಿರಿ: ಲಗಗಲ ಗಲಲಗ ಗಲಲಗ ಲಗಗಲ. ಒಂದು ಲಘುವಿನಿಂದ ಮುಂದಿನ ಲಘುವಿನವರೆಗೆ ನಡುವೆ ಎಷ್ಟು ಗುರುಗಳಿವೆಯೆಂದು ಎಣಿಸಿರಿ. 2, 1, 0, 2, 0, 1, 2 ಎಂದು ಬರುವುದು. ಮೂರು ಗುರುಗಳು ಒಟ್ಟಿಗೆ ಬಾರದೆ ಇರುವುದರಿಂದ ಈ ಮೂರು ಅಂಕಿಗಳಲ್ಲದೆ ಬೇರೊಂದು ಬಾರದು. ಈ ಅಂಕಿಗಳ ಸಾಲಿನಲ್ಲಿ ದ್ವಿರುಕ್ತಿಯಿದ್ದಿದ್ದರೆ, ಲಘುವಿನಿಂದ ತೊಡಗುವ ಒಂದು ತುಂಡು ಎರಡು ಸಾರಿ ಬಂದು ಅದರ ಬೆನ್ನಿಗೇ ಮತ್ತೊಂದು ಲಘು ಬಂದಿರಬೇಕಾಗುತ್ತಿತ್ತು. ಅದು ಅಸಾಧ್ಯವೆಂದು ಮೊದಲೇ ಹೇಳಿದೆವು. ಆದುದರಿಂದ 2ಕ್ಕೆ ಮಲ್ಲಿಗೆ, 1ಕ್ಕೆ ಕನಕಾಂಬರ, 0ಕ್ಕೆ ಸೇವಂತಿಗೆ ಎಂದಿಟ್ಟುಕೊಂಡರೆ ಕೊನೆಯಿಲ್ಲದ ಮಾಲೆಯು ಸಿದ್ಧವಾಯಿತು.

ಇದು ಬೀಜಗಣಿತ ಹೇಗಾದೀತೆಂದು ಕೇಳಬಹುದು. ಸಂಖ್ಯೆಗಳನ್ನು ಗುಣಿಸುವಂತೆಯೇ ಪದಗಳನ್ನೂ ಗುಣಿಸಬಹುದು; ಒಂದರ ಪಕ್ಕದಲ್ಲಿ ಇನ್ನೊಂದನ್ನು ಬರೆಯುವುದೇ ಆ ಗುಣಾಕಾರ. ಮೂರು ಪದಗಳಲ್ಲಿ ಯಾವ ಎರಡನ್ನು ಮೊದಲು ಸೇರಿಸಿದರೂ ಫಲವು ಒಂದೇ. ಆದಕಾರಣ ಸಹವರ್ತನ ನಿಯಮವು ನಡೆಯುವುದು. ಆದರೆ ಪರಿವರ್ತನ ನಿಯಮವು ನಡೆಯದು: ಸ ಮತ್ತು ರ ಸೇರಿದರೆ ಸರ, ರ ಮತ್ತು ಸ ಸೇರಿದರೆ ರಸ. ಸಹವರ್ತನ ನಿಯಮವೊಂದನ್ನೇ ಆಧಾರವಾಗಿ ಉಳ್ಳ ಇಂಥ ಸಮೂಹಕ್ಕೆ ಗಣಿತಜ್ಞರು ಸೆಮಿಗ್ರೂಪ್ ಎಂದು ಹೆಸರಿಟ್ಟಿದ್ದಾರೆ. ನಾವು ಅರೆಗುಂಪು ಎನ್ನೋಣ. ಕೆಲವೇ ಅಕ್ಷರಗಳಿಂದ ಅದರಲ್ಲಿರುವುದೆಲ್ಲವೂ ಹುಟ್ಟುವುದಾದರೆ ಆ ಅಕ್ಷರಗಳನ್ನು ಅದರ ಜನಕಗಳೆನ್ನಬಹುದು. ಇಂಥ ಅರೆಗುಂಪಿನಲ್ಲಿ ಯಾವುದನ್ನು ಅದರಿಂದಲೇ ಗುಣಿಸಿದರೂ ಸೊನ್ನೆಯಾಗುವುದೆಂದು ಕಟ್ಟಳೆ ಮಾಡಿದರೆ, ಅಂದರೆ ದ್ವಿರುಕ್ತಿಯಿರುವ ಪದವೆಲ್ಲವೂ ಸೊನ್ನೆಯೆಂದರೆ, ಉಳಿಯುವುದೆಷ್ಟು? ಎರಡು ಜನಕಗಳಿದ್ದರೆ ಮ, ಕ, ಮಕ, ಕಮ, ಮಕಮ, ಕಮಕ ಎಂಬ ಆರು ಪದಗಳೂ ಒಂದು ಸೊನ್ನೆಯೂ ಮಾತ್ರ. ಮೂರು ಜನಕಗಳಿದ್ದರೆ ಅನಂತ. ಈ ಸಂಗತಿಯನ್ನು ಅಮೆರಿಕದ ಮಾರ್ಸ್ಟನ್ ಮೋರ್ಸ್, ಗುಸ್ತಾವ್ ಹೆಡ್ಲಂಡ್ ಎಂಬವರು 1944ರಲ್ಲಿ ಅರೆಗುಂಪುಗಳ ಪ್ರಶ್ನೆಯಾಗಿಯೇ ಎತ್ತಿಕೊಂಡು ಬಿಡಿಸಿದರು.

ಕಟ್ಟಳೆಯನ್ನು ಸ್ವಲ್ಪ ಬದಲಾಯಿಸಿ ನೋಡಿರಿ. ಎರಡು ಸಾರಿ ಹೇಳಿದರೆ ಸೊನ್ನೆಯಲ್ಲ, ಒಂದು ಸಾರಿ ಹೇಳಿದಂತೆಯೇ ಸರಿ, ಎನ್ನೋಣ. ಆಗ ‘ಮಕಮಕ’ ಎಂದರೂ ‘ಮಕ’ ಎಂದರೂ ಒಂದೇ. ಇಲ್ಲಿ ಯಾವ ಪದಕ್ಕೂ ನಾಶವಿಲ್ಲ. ಪುನರುಕ್ತಿಗೆ ಪೂರ್ಣ ಅನುಮತಿಯುಂಟು. ಹಾಗಿರುವಾಗ ಈ ಲೋಕವೇ ಹೆಚ್ಚು ವಿಶಾಲವಾಗಿರಬೇಕೆಂದು ತೋರುವುದು. ಆದರೆ ಇಂಥ ಅರೆಗುಂಪು, ಜನಕಗಳು ಎಷ್ಟೇ ಇರಲಿ, ಅವುಗಳ ಸಂಖ್ಯೆಯು ಪರಿಮಿತವಾಗಿದ್ದರೆ ತಾನೂ ಪರಿಮಿತವಾಗಿಯೇ ಇರುವುದೆಂದು ಗ್ರೀನ್, ರೀಸ್ ಎಂಬ ಗಣಿತಜ್ಞರು 1952ರಲ್ಲಿ ತೋರಿಸಿದರು. ಮೂರು ಜನಕಗಳಿಂದ ಹುಟ್ಟುವ ಭಿನ್ನ ಪದಗಳು 159 ಮಾತ್ರ. ಎಷ್ಟು ಉದ್ದವಾಗಿ ಬರೆದರೂ ಅದು ಆ 159ರಲ್ಲಿ ಒಂದಕ್ಕೆ ಸಮನಾಗಿಯೇ ತೀರುವುದು. ಪುನರುಕ್ತಿಯನ್ನು ನಿಷೇಧಿಸಿದ ಲೋಕವು ಅನಂತವಾಯಿತು; ಅದನ್ನು ಸಹಿಸಿದ ಲೋಕವು 159ಕ್ಕೆ ನಿಂತಿತು.

ಇಲ್ಲಿಗೆ ಲೆಕ್ಕವನ್ನು ನಿಲ್ಲಿಸಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಶಿಕ್ಷಕಿಯರ ತರಬೇತಿಯನ್ನು ಮುಗಿಸಿ ಬಂದ ಹೊಸತರಲ್ಲಿ, ಇಪ್ಪತ್ತು ವರ್ಷಗಳಿಗೂ ಹಿಂದೆ, ಒಬ್ಬ ಹುಡುಗಿಯು ತರಗತಿಯಲ್ಲಿ ಎದ್ದು ನಿಂತು, “ಗುಣಾಕಾರದಲ್ಲಿ ಹಿಂದುಮುಂದು ಮಾಡಿದರೂ ಫಲ ಒಂದೇ ಅಂತೀರಿ. ಫಲ ಬೇರೆಯಾಗೋ ಗುಣಾಕಾರ ಎಲ್ಲಾದರೂ ಇದೆಯೇ, ಟೀಚರ್?” ಎಂದು ಕೇಳಿದಳು. ಪಾಠಗಳು ಹಿಂದೆ ಬಿದ್ದಿದ್ದವು, ಪರೀಕ್ಷೆಯು ಹತ್ತಿರವಿತ್ತು. ಅಧಿಕಪ್ರಸಂಗ ಮಾಡಬೇಡವೆಂದು ಗದರಿಸಿ, ಪರಿವರ್ತನ ನಿಯಮವನ್ನು ಹತ್ತು ಸಾರಿ ಬರೆದುಕೊಂಡು ಬರುವಂತೆ ಶಿಕ್ಷೆ ಕೊಟ್ಟೆವು. ಆಕೆ ಬರೆದುಕೊಂಡು ಬಂದಳು. ಮುಂದೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದಳು. ಅನಂತರ ಗಣಿತವನ್ನು ಬಿಟ್ಟಳು.

ಈ ವರ್ಷ ಜೂನ್ ತಿಂಗಳಲ್ಲಿ ಆಕೆಯು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ನಮ್ಮಲ್ಲಿಗೆ ಬಂದಳು. ನಮಗೆ ಆ ದಿನವು ನೆನಪಿರಲಿಲ್ಲ, ಆಕೆಗೆ ನೆನಪಿತ್ತು. “ನೀವು ಉತ್ತರ ಹೇಳಲಿಲ್ಲ ಅಂತ ನನಗೆ ಬೇಸರವಿಲ್ಲ ಟೀಚರ್. ಕೇಳಿದ್ದೇ ತಪ್ಪು ಅಂದುಕೊಂಡೆ. ಇವಳು ಬಹಳ ಕೇಳುತ್ತಾಳೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ” ಎಂದು ವಿನಯದಿಂದಲೇ ನುಡಿದಳು. ನಾವು ತಲೆ ತಗ್ಗಿಸಿದೆವು. ಆಕೆ ಕೇಳಿದ ಪ್ರಶ್ನೆಗೆ ಉತ್ತರವು ಸರ, ರಸ ಎಂಬ ಎರಡು ಪದಗಳಷ್ಟು ಹತ್ತಿರದಲ್ಲಿತ್ತು. ಒಂದೇ ವಾಕ್ಯವನ್ನು ಹತ್ತು ಸಾರಿ ಬರೆಯಿಸಿದೆವು. ಅದು ಒಂದು ಸಾರಿ ಬರೆದುದಕ್ಕಿಂತ ಒಂದಿಷ್ಟೂ ಹೆಚ್ಚಾಗಲಿಲ್ಲ.

ಗಣಿತದ ಸಿದ್ಧಾಂತವು ಶಿಕ್ಷಣಕ್ಕೆ ಪ್ರಮಾಣವಲ್ಲ, ದೃಷ್ಟಾಂತ ಮಾತ್ರವೆಂಬುದನ್ನು ನಾವು ಬಲ್ಲೆವು. ಬಾಯಿಪಾಠವೇ ಬೇಡವೆಂದು ಹೇಳುವವರಲ್ಲಿ ನಾವು ಸೇರಿದವರಲ್ಲ. ಮಗ್ಗಿಯು ಬಾಯಿಗೆ ಬಾರದ ಮಗುವು ಮುಂದಿನ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ಎಡವುವುದು. ಟೂಯೆಯವರ ಮಾಲೆಯನ್ನೇ ನೋಡಿರಿ: ಲ ಇದ್ದಲ್ಲಿ ಲಗ, ಗ ಇದ್ದಲ್ಲಿ ಗಲ ಎಂಬ ಒಂದೇ ವಿಧಿಯನ್ನು ಮತ್ತೆ ಮತ್ತೆ ನಡೆಯಿಸಿದುದರಿಂದಲೇ ಆ ಕೊನೆಯಿಲ್ಲದ ಸಾಲು ಹುಟ್ಟಿತು. ವಿಧಿಯನ್ನು ಪುನಃ ಪುನಃ ಅಭ್ಯಾಸ ಮಾಡಿಸುವುದು ಬೇರೆ. ಫಲವನ್ನು ಪುನಃ ಪುನಃ ಒಪ್ಪಿಸುವುದು ಬೇರೆ. ಮೊದಲನೆಯದು ಕೈಗೆ ಬಲವನ್ನು ಕೊಡುವುದು. ಎರಡನೆಯದು ಮಗುವನ್ನು 159ರ ಒಳಗೆ ಕೂಡಿಹಾಕುವುದು.

ಇನ್ನು ಪೋಷಕರ ಒಂದು ಆಕ್ಷೇಪಣೆ. ಹೂಮಾಲೆಯ ಪಾಠದ ಸುದ್ದಿಯನ್ನು ಕೇಳಿ ತಂದೆಯೊಬ್ಬರು ನಮ್ಮ ಕೊಠಡಿಗೆ ಬಂದು, “ಟೀಚರಮ್ಮನವರೇ, ತಪ್ಪು ತಿಳಿಯಬೇಡಿ. ಪರೀಕ್ಷೆಯಲ್ಲಿ ಬಾರದ, ಮನೆಗೂ ಉದ್ಯೋಗಕ್ಕೂ ಬಾರದ ಲೆಕ್ಕ ಹೆಣ್ಣುಮಕ್ಕಳಿಗೆ ಯಾಕೆ?” ಎಂದರು. ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಮರ್ಯಾದೆಯಿಂದಲೇ ಉತ್ತರ ಕೊಡತಕ್ಕದ್ದು.

ಟೂಯೆಯವರು 1903ರಿಂದ ಈಗಿನ ಓಸ್ಲೊ ನಗರದ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ವಿಷಯವು ಅನ್ವಯಿಕ ಯಂತ್ರಶಾಸ್ತ್ರ. ಉಪಯೋಗದ ವಿದ್ಯೆಯನ್ನು ಕಲಿಸುವುದೇ ಅವರ ಉದ್ಯೋಗವಾಗಿತ್ತು. ಹಾಗಿದ್ದರೂ ಯಾವ ಉಪಯೋಗವನ್ನೂ ಎದುರುನೋಡದೆ, ಕಠಿಣವಾದ ಪ್ರಶ್ನೆಗಳ ಮೇಲೆ ಬುದ್ಧಿಯನ್ನು ಸಾಗಿಸಲು ವಿಶಾಲವಾದ ಬಯಲು ಬೇಕೆಂಬ ಕಾರಣದಿಂದಲೇ ಈ ಪದಗಳನ್ನು ಹಿಡಿದರು. ಉಪಯೋಗವು ಅನಂತರ ಬಂತು. ಪದಗಳನ್ನು ಕುರಿತ ಈ ವಿದ್ಯೆಯು ಇಂದು ಗಣಕಶಾಸ್ತ್ರದವರಿಗೂ ಬೇಕಾಗಿದೆ. ಆದರೆ ನಮ್ಮ ವಾದವು ಆ ಉಪಯೋಗದ ಮೇಲೆ ನಿಂತಿಲ್ಲ. ಹುಡುಗನೊಬ್ಬನು ನಿರುಪಯೋಗವಾದ ಒಂದು ಪ್ರಶ್ನೆಯ ಹಿಂದೆ ಬಿದ್ದರೆ ಅವನನ್ನು ಬುದ್ಧಿವಂತನೆನ್ನುತ್ತೇವೆ. ಹುಡುಗಿಯು ಹಾಗೆ ಮಾಡಿದರೆ ಕಾಲಹರಣವೆನ್ನುತ್ತೇವೆ. ಈ ಎರಡು ತೂಕದ ತಕ್ಕಡಿಯು ಸರಿಯಲ್ಲವೆಂಬುದೇ ನಮ್ಮ ವಾದ.

ಇದಕ್ಕೆ ಇನ್ನೊಂದು ನಿದರ್ಶನವಿದೆ. ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಅದು ವಿಶೇಷವಾಗಿ ಪ್ರಿಯವಾದುದು. ಹಾಲೆಂಡಿನ ಮ್ಯಾಕ್ಸ್ ಯೂವೆ ಎಂಬವರ ಹೆಸರನ್ನು ಚದುರಂಗ ಬಲ್ಲವರು ಕೇಳಿರಬಹುದು. 1935ರಲ್ಲಿ ಅಲೆಖಿನ್ ಅವರನ್ನು ಸೋಲಿಸಿ ಜಗತ್ತಿನ ಚಾಂಪಿಯನ್ ಆದವರು. ಅವರ ವೃತ್ತಿ ಯಾವುದು? ಆಮ್‌ಸ್ಟರ್‌ಡ್ಯಾಮ್ ನಗರದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯರು. 1926ರಿಂದ 1940ರವರೆಗೆ ಅಲ್ಲಿ ಪಾಠ ಹೇಳಿದರು. ಆ ದಿನಗಳಲ್ಲಿ, 1929ರಲ್ಲಿ, ಅವರು ಒಂದು ಪ್ರಶ್ನೆಯನ್ನು ಬಿಡಿಸಿದರು. ಒಂದೇ ನಡೆಗಳ ಸರಣಿಯು ಒಂದರ ಬೆನ್ನಿಗೊಂದು ಮೂರು ಸಾರಿ ಬಂದರೆ ಆಟವು ಸಮವೆಂದು ನಿಯಮವಿಟ್ಟರೆ, ಪ್ರತಿ ಆಟವೂ ಮುಗಿದೇ ಮುಗಿಯುವುದೇ? ಮುಗಿಯಬೇಕಾಗಿಲ್ಲವೆಂದು ಯೂವೆಯವರು ತೋರಿಸಿದರು. ಅವರು ಉಪಯೋಗಿಸಿದ ಸಾಧನವು ಮೇಲೆ ಹೇಳಿದ ಲಗಗಲ ಎಂಬ ಸಾಲೇ. ಇಂದಿನ ಚದುರಂಗದ ನಿಯಮಗಳು ಬೇರೆ. ಆದರೆ ಸಾಧನೆಯು ಹಳೆಯದಾಗಲಿಲ್ಲ. ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಬೀಜಗಣಿತದ ಪಾಠ ಹೇಳಿ, ಬಿಡುವಿನಲ್ಲಿ ಇಂಥ ಪ್ರಶ್ನೆಯನ್ನು ಬಿಡಿಸಿದ ಉಪಾಧ್ಯಾಯರು ಇದ್ದರೆಂಬ ಸಂಗತಿಯು ನಮಗೆ ಧೈರ್ಯವನ್ನು ಕೊಡುವುದು.

ಯೂವೆಯವರಿಗೆ ಟೂಯೆಯವರ ಲೇಖನವು ತಿಳಿದಿರಲಿಲ್ಲ. ಮೋರ್ಸ್ ಅವರಿಗೂ ತಿಳಿದಿರಲಿಲ್ಲ. 1921ರಲ್ಲಿ ಅವರು ಬೇರೊಂದು ಕಾರ್ಯಕ್ಕಾಗಿ ಅದೇ ಸಾಲನ್ನು ತಾವೇ ಕಂಡುಕೊಂಡರು. ಇವರೆಲ್ಲರಿಗಿಂತ ಮೊದಲು, 1851ರಲ್ಲಿ, ಫ್ರಾನ್ಸಿನ ಪ್ರೂಹೆ ಎಂಬವರು ಇದರ ಇನ್ನೊಂದು ಗುಣವನ್ನು ಕಂಡಿದ್ದರು. ಲಗಗಲಗಲಲಗ ಎಂಬ ಎಂಟು ಅಕ್ಷರಗಳಲ್ಲಿ ಲಘುಗಳ ಸ್ಥಾನಗಳು 1, 4, 6, 7. ಗುರುಗಳ ಸ್ಥಾನಗಳು 2, 3, 5, 8. ಎರಡರ ಮೊತ್ತವೂ 18. ಎರಡರ ವರ್ಗಗಳ ಮೊತ್ತವೂ 102. ಇದನ್ನು ಮನೆಯಲ್ಲಿ ಮಕ್ಕಳೊಡನೆ ಕುಳಿತು ಕೂಡಿಸಿ ನೋಡಬಹುದು. ಪುನರುಕ್ತಿಯಿಲ್ಲದ ಪದವನ್ನು ಕುರಿತ ಸತ್ಯವೇ ಇಷ್ಟು ಸಾರಿ ಪುನಃ ಕಂಡುಹಿಡಿಯಲ್ಪಟ್ಟದ್ದು ಏಕೆ? ಟೂಯೆಯವರು ಬರೆದುದು ಹೆಚ್ಚು ಜನರ ಕೈಗೆ ಸಿಕ್ಕದ ಒಂದು ಪತ್ರಿಕೆಯಲ್ಲಿ. ಅದು ಬಹುಕಾಲ ಕಪಾಟಿನಲ್ಲಿಯೇ ಉಳಿಯಿತು. ಬರೆದರೆ ಸಾಲದು, ಬೇಕಾದವರಿಗೆ ಮುಟ್ಟಬೇಕು. ಕನ್ನಡದಲ್ಲಿ ಗಣಿತವನ್ನು ಬರೆಯುವವರು ಕಡಿಮೆಯಾಗಿರುವ ತನಕ ನಮ್ಮ ಎಷ್ಟೋ ಹುಡುಗಿಯರಿಗೆ ಇಂಥ ಬಾಗಿಲೊಂದು ಇರುವುದೇ ತಿಳಿಯದು.

ಈ ಬಾಗಿಲು ಇನ್ನೂ ತೆರೆದೇ ಇದೆ. ಕ್ರಮವನ್ನು ಬಿಟ್ಟು, ಪಕ್ಕಪಕ್ಕದ ಎರಡು ತುಂಡುಗಳಲ್ಲಿ ಪ್ರತಿಯೊಂದು ಹೂವಿನ ಸಂಖ್ಯೆಯೂ ಸಮವಾಗಿರಬಾರದೆಂದರೆ ಎಷ್ಟು ಬಗೆಯ ಹೂಗಳು ಬೇಕು? ಮೂರು ಬಗೆಯವು ಸಾಲವು. ನಾಲ್ಕು ಸಾಕೇ ಎಂದು ಎರ್ಡಿಶ್ ಎಂಬ ಪ್ರಸಿದ್ಧ ಗಣಿತಜ್ಞರು 1961ರಲ್ಲಿ ಕೇಳಿದರು. ಸಾಕೆಂದು ಫಿನ್ಲೆಂಡಿನ ಕೆರಾನೆನ್ ಅವರು ಗಣಕಯಂತ್ರದ ನೆರವಿನಿಂದ 1992ರಲ್ಲಿ ತೋರಿಸಿದರು. ಪ್ರಶ್ನೆಗೂ ಉತ್ತರಕ್ಕೂ ನಡುವೆ 31 ವರ್ಷಗಳು. ಇಂಥ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಒಂಬತ್ತನೆಯ ತರಗತಿಯ ವಿದ್ಯೆಯು ಸಾಕು. ಬಿಡಿಸಲು ತಾಳ್ಮೆ ಬೇಕು. ತಾಳ್ಮೆಯಲ್ಲಿ ನಮ್ಮ ಹೆಣ್ಣುಮಕ್ಕಳು ಯಾರಿಗೆ ಕಡಿಮೆ?

ಕೊನೆಯದಾಗಿ ನಮ್ಮ ಕೋರಿಕೆಗಳು ಮೂರು. ಪೋಷಕರು, ಹತ್ತನೆಯ ತರಗತಿಯಾದ ಮೇಲೆ ಮಗಳಿಗೆ ಗಣಿತವು ಬೇಡವೆಂದು ತಾವಾಗಿ ನಿಶ್ಚಯಿಸದೆ ಆಕೆಯನ್ನು ಕೇಳಬೇಕು. ಶಾಲೆಯಿಂದ ಬಂದ ಮಗಳನ್ನು ಎಷ್ಟು ಅಂಕವೆಂದು ಕೇಳುವ ಮುಂಚೆ ಇಂದು ಏನು ಕೇಳಿದೆಯೆಂದು ಒಂದು ದಿನವಾದರೂ ವಿಚಾರಿಸಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಗಣಿತವನ್ನು ಓದಿದವರು ಒಂದು ಶನಿವಾರ ಬಂದು ಈ ಮಕ್ಕಳೊಡನೆ ಮಾತನಾಡಬೇಕು. ಸಾಧ್ಯವಿದ್ದವರು ತಾವು ಕಲಿತುದನ್ನು ಕನ್ನಡದಲ್ಲಿ ಬರೆಯಬೇಕು. ಮೂರನೆಯದು ನಮಗೆ ನಾವೇ ಮಾಡಿಕೊಂಡ ಕಟ್ಟಳೆ: ವಾರಕ್ಕೆ ಒಂದು ಪಾಠದ ಅವಧಿಯನ್ನು ಪರೀಕ್ಷೆಗೆ ಸೇರದ ಪ್ರಶ್ನೆಗಳಿಗಾಗಿಯೇ ಬಿಡುವೆವು, ಆ ಅವಧಿಯಲ್ಲಿ ಯಾವ ಹುಡುಗಿಗೂ ಒಂದೇ ವಾಕ್ಯವನ್ನು ಹತ್ತು ಸಾರಿ ಬರೆಯುವ ಶಿಕ್ಷೆಯು ಇರದು.

ಜೂನ್ ತಿಂಗಳಲ್ಲಿ ಸೇರಿದ ಆ ಮಗುವು ಕಳೆದ ವಾರ ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, “ಟೀಚರ್, ಸೊನ್ನೆಯಿಂದ ಯಾಕೆ ಭಾಗಿಸಬಾರದು?” ಎಂದು ಕೇಳಿತು. ಒಳಗೆ ಕರೆದು ಕುಳ್ಳಿರಿಸಿಕೊಂಡೆವು.